ಬುಟ್ಟಿಗಲ್ಲಿನ ಹೊನ್ನೆಯ ಮಹಿಮೆ

ಕಲ್ಲಿಗೂ ಬಾಯಾರಿಕೆಯಾಗುತ್ತಿದ್ದ ಪೂರ್ವಕಾಲದಲ್ಲಿ ಮಾಳಿಂಗನೆಂಬ ಕುರುಬನು ಈ ಗುಡ್ಡದ ಮೇಲೆ ವಾಸವಾಗಿದ್ದನು. ಮುಂದಿನ ಕುರಿ ಗುಡ್ಡದಾಚೆ ಮೇಯುವಾಗ ಹಿಂದಿನದು ಇನ್ನೂ ದೊಡ್ಡಿಯಲ್ಲೇ ಮಲಗಿರುತ್ತಿತ್ತೆಂದರೆ ಅವನ ಮಂದೆ ಎಂಥದೋ ನೀವೇ ತಿಳಿಯಿರಿ. ಗುಡ್ಡದ ಹೊನ್ನೆವನವು ಕಾಳ್ಗಿಚ್ಚಿಗೆ ಆಹುತಿಯಾಗಿ ಒರತೆ ಬತ್ತಲು, ಅಲ್ಲಿ ತಪೋನಿರತನಾಗಿದ್ದ ದೀರ್ಘಶಿಖ ಮುನಿಯು ಮಾಳಿಂಗನಿಗೆ ಮೂರು ಹೊನ್ನೆಬೀಜಗಳನ್ನಿತ್ತು, ಒಂದಾದರೂ ಮರವಾದಂದು ಗಂಗೆ ಮರಳುವಳೆಂದೂ, ಮೂರೂ ಸತ್ತರೆ ಮಂದೆಗೆ ಈ ನೆಲದ ಋಣ ಹರಿಯಿತೆಂದೂ ನುಡಿದು ಸಮಾಧಿಸ್ಥನಾದನು.

ಬೀಜಗಳು ಮೊಳೆತ ಮೇಲೆ ಮಾಳಿಂಗನು ಮೊದಲ ಸಸಿಯನ್ನು ಸೂರ್ಯದೇವನಿಗೆ ಒಪ್ಪಿಸಿ ಬಟ್ಟಬಯಲಿನಲ್ಲಿ ನೆಟ್ಟನು. ಆ ಕಾಲದ ಬಿಸಿಲೆಂದರೆ ಈಗಿನ ಬಿಸಿಲಲ್ಲ. ಬಂಡೆಯ ಮೇಲೆ ಜೋಳ ಚೆಲ್ಲಿದರೆ ಅರಳಾಗಿ ಹಾರುತ್ತಿತ್ತು. ಸಸಿ ಮೂರೇ ದಿನಕ್ಕೆ ಕರಕಲಾಯಿತು.

ಎಳೆಗುರಿಮರಿಗಳನ್ನು ಬಿದಿರಬುಟ್ಟಿಯಡಿ ಕಾಯುವವನಲ್ಲವೇ ಅವನು? ಉಳಿದೆರಡು ಸಸಿಗಳ ಮೇಲೂ ಬುಟ್ಟಿ ಕವುಚಿದನು. ಅವು ಚಿಗುರಿದವು. ಆದರೆ ಎಲ್ಲಿ ಬಾಡುವುವೋ ಎಂಬ ಅಂಜಿಕೆಗೆ ಎರಡು ಮಳೆಗಾಲ ಕಳೆದರೂ ಬುಟ್ಟಿ ಎತ್ತಲಿಲ್ಲ. ಒಂದು ಸಸಿ ನೂಲಿನಂತೆ ಬಿಳಿಚಿಕೊಂಡು ಬೆಳೆದು, ಬುಟ್ಟಿಯ ಕಂಡಿಯಿಂದ ತಲೆ ಹೊರಚಾಚಿದ ದಿನವೇ ಗಾಳಿಗೆ ಮುರಿದುಬಿತ್ತು.

ಎರಡು ಹರದಾರಿ ದೂರದ ಹೊಳೆಯಿಂದ ಸಸಿಗೆ ನೀರು ಹೊತ್ತು ತರುತ್ತಿದ್ದ ಹೆಂಡತಿ ಸೋಮವ್ವ ಕೊಡ ಇಳಿಸಿ, "ಹಲ್ಲು ಬಂದ ಮರೀನ ಯಾವತ್ತಾರ ಬುಟ್ಯಾಗ ಇಟ್ಟೀಯೇನು? ಹಂಗ ಇಟ್ಟಿದ್ರ ನಿನ್ನ ಟಗರು ಇವತ್ತು ಬೆಕ್ಕಿನಷ್ಟು ಇರ್ತಿತ್ತು," ಎಂದಳು.

"ಉಳಿದಿರೋದು ಇದೊಂದ ಐತಿ, ಸುಮ್ಕಿರು," ಎಂದು ಮಾಳಿಂಗ ಬುಟ್ಟಿಯನ್ನು ಅಪ್ಪಿ ಕುಳಿತು, ಅನ್ನಾಹಾರ ತೊರೆದು ಒಂಬತ್ತು ದಿನ ಶಿವಧ್ಯಾನ ಮಾಡಿದನು. ಹತ್ತನೆಯ ಬೆಳಗು ಬಂಡೆಯೊಳಗಿಂದ ವಾಣಿಯಾಯಿತು: "ಎಲೈ ಮಾಳಿಂಗಾ, ನಿನ್ನ ಮನೆಯಾಕೆ ಆಡಿದ್ದೇ ನನ್ನ ಮಾತು. ಅದನ್ನೇ ಕೇಳಲು ಒಂಬತ್ತು ದಿನ ಉಪವಾಸ ಬೇಕಿತ್ತೇ?"

ನಾಚಿದ ಮಾಳಿಂಗ ಬುಟ್ಟಿ ಬಿಟ್ಟು ಪಕ್ಕಕ್ಕೆ ಸರಿದನು. ಹೆಣಿಗೆಯ ಮೊದಲ ಕಡ್ಡಿಯನ್ನು ಸೋಮವ್ವನೇ ಕಿತ್ತಳು. ಒಮ್ಮೆಲೇ ಬುಟ್ಟಿ ಎತ್ತದೆ ಅಮಾವಾಸ್ಯೆಗೊಂದು ಕಡ್ಡಿ ಕೀಳುತ್ತಾ ಬರಲು, ಬಿಸಿಲು ಹನಿಹನಿಯಾಗಿ ಇಳಿದು ಎಲೆ ಕಡುಹಸಿರಾಯಿತು, ಕಾಂಡ ಬಲಿಯಿತು. ಕೊನೆಯ ಕಡ್ಡಿ ಕಳಚಿದ ವರ್ಷ ಹೊನ್ನೆಯು ಹೋಗುವ ಮೋಡವನ್ನು ಕೊಂಬೆಯಿಂದ ಎಳೆದು ನಿಲ್ಲಿಸುವಷ್ಟು ಎತ್ತರವಾಗಲು, ಬೇರಿನಡಿ ಗಂಗೆ ಉಕ್ಕಿದಳು. ಮಂದೆ ಕುಡಿದು ತಣಿಯಿತು. ಗುಡ್ಡ ಬಿಡುವ ಮಾತು ಅಲ್ಲಿಗೆ ಮುಗಿಯಿತು.

ಕಡ್ಡಿಯೆಲ್ಲ ಕಳಚಿ ನೆಲದ ಮೇಲೆ ಉಳಿದ ಬುಟ್ಟಿಯ ಅಂಚಿನ ಬಳೆ ಕಲ್ಲಾಯಿತು. ಅದೇ ಈ ಬುಟ್ಟಿಗಲ್ಲು. ಹೆಣಿಗೆಯ ಗೆರೆಗಳನ್ನು ಭಕ್ತಾದಿಗಳು ಇಂದಿಗೂ ಕೈಯಿಂದ ಮುಟ್ಟಿ ನೋಡಬಹುದು. ಕಾರ್ತಿಕದ ಅಮಾವಾಸ್ಯೆಗೆ ಇಲ್ಲಿ ಹೊನ್ನೆಸಸಿಗೆ ಬುಟ್ಟಿ ಕವುಚುವ ಸೇವೆಯುಂಟು. ಮೊದಲ ಕಡ್ಡಿ ಕೀಳುವ ಹಕ್ಕು ಮನೆಯೊಡತಿಯದು. ಅಂದು ಒರತೆಯಿಂದ ಕೊಡ ಹೊರುವವರು ಗಂಡಸರು.