ಹನ್ನೆರಡನೆಯ ಇಲಿ

ಯಾವ ಸ್ಕ್ಯಾನ್ ಚಿತ್ರ ಕೊಟ್ಟರೂ ಇಂದುಮತಿ ಮೇಡಂ ಮೊದಲು ಅದನ್ನು ತಲೆಕೆಳಗೆ ಹಿಡಿದು ನೋಡುತ್ತಿದ್ದರು. ನೇರ ಹಿಡಿದರೆ ಕಣ್ಣು ತನಗೆ ಬೇಕಾದ್ದನ್ನೇ ಹುಡುಕುತ್ತದೆ ಎನ್ನುತ್ತಿದ್ದರು.

ನದಿ ದಡದ ಆ ಪ್ರಯೋಗಾಲಯದಲ್ಲಿ ಅವರ ಶಿಷ್ಯೆ ಐರಿನ್ ನಾಲ್ಕು ವರ್ಷ ಕೂತು ಒಂದು ಔಷಧ ಮಾಡಿದ್ದಳು. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು. ರಕ್ತದಲ್ಲಿ ಸುಮ್ಮನೆ ಹರಿಯುತ್ತವೆ. ಹುಳಿ, ಅಂದರೆ ಆಮ್ಲ, ಹೆಚ್ಚಿರುವ ಜಾಗ ಸಿಕ್ಕರೆ ಕರಗಿ, ಸ್ಕ್ಯಾನಿನಲ್ಲಿ ಬೆಳ್ಳಗೆ ಹೊಳೆಯುತ್ತವೆ. ಕ್ಯಾನ್ಸರ್ ಗಡ್ಡೆಯೊಳಗೆ ಹುಳಿ ಹೆಚ್ಚು.

ಗಡ್ಡೆಯಿದ್ದ ಹನ್ನೆರಡು ಇಲಿಗಳಿಗೆ ಅದನ್ನು ಕೊಟ್ಟು ನೋಡಿದಳು. ಹನ್ನೊಂದರಲ್ಲಿ ಗಡ್ಡೆ ಮಾತ್ರ ಹೊಳೆಯಿತು. ಹನ್ನೆರಡನೆಯದರಲ್ಲಿ ಕಾಲೂ ಹೊಳೆಯಿತು. ಕಾಲಿನಲ್ಲಿ ಗಡ್ಡೆ ಇರಲಿಲ್ಲ. ಇನ್ನೊಂದು ಇಲಿ ಕಚ್ಚಿ ಕೀವಾದ ಗಾಯವಿತ್ತು.

ಮರುದಿನ ಸಮಿತಿ ಸೇರಲಿತ್ತು. ಅದು ಒಪ್ಪಿದರೆ ಔಷಧ ರೋಗಿಗಳ ಮೈಗೆ ಹೋಗುತ್ತದೆ. ಆ ಬೆಳಕು ನೋಡಿಕೊಂಡು ವೈದ್ಯರು ಎಲ್ಲಿ ಕೊಯ್ಯಬೇಕೆಂದು ಗುರುತು ಹಾಕುತ್ತಾರೆ.

ಐರಿನ್ ಹನ್ನೊಂದು ಚಿತ್ರ ತಂದು ಮೇಜಿನ ಮೇಲಿಟ್ಟಳು. ಇನ್ನೊಂದೆಲ್ಲಿ ಎಂದು ಮೇಡಂ ಕೇಳಿದರು.

ಅದೊಂದರಲ್ಲಿ ಕಣ ತಪ್ಪು ಮಾಡಿಬಿಟ್ಟಿತು ಎಂದು ಅವಳು ನೆಲ ನೋಡಿದಳು.

ಮೇಡಂ ತಮ್ಮ ಊಟದ ಡಬ್ಬಿ ತೆಗೆದರು. ಹುಣಸೆಹುಳಿಯ ತಿಳಿಸಾರನ್ನು ನಾಲ್ಕು ಹನಿ ಅವಳ ಔಷಧದ ಸೀಸೆಗೆ ಬಿಟ್ಟರು. ಸೀಸೆಯನ್ನು ಸ್ಕ್ಯಾನಿಗಿಟ್ಟರು.

ಪರದೆಯ ಮೇಲೆ ಅದು ಬೆಳ್ಳಗೆ ಹೊಳೆಯಿತು.

"ನೋಡಮ್ಮ, ನಮ್ಮನೆ ಸಾರಿಗೂ ಕ್ಯಾನ್ಸರ್."

ಐರಿನ್‌ಗೆ ನಗು ಬಂತು. ಆಮೇಲೆ ಮುಖ ಬಿಸಿಯಾಯಿತು.

"ಕಣಕ್ಕೆ ನೀನು ಕಲಿಸಿದ್ದೇನು?"

"ಹುಳಿ ಕಂಡರೆ ಹೊಳೆಯೋದು. ಕೀವಿನಲ್ಲೂ ಹುಳಿ ಇರುತ್ತೆ."

"ಕ್ಯಾನ್ಸರ್ ಅಂದರೇನು ಅಂತ ಕಲಿಸಿದ್ದೆಯಾ?"

"ಇಲ್ಲ ಮೇಡಂ."

"ಮತ್ತೆ ಪಾಪ, ಅದನ್ನು ಯಾಕೆ ಬೈತೀಯ?"

ಬೆಳಿಗ್ಗೆ ಐರಿನ್ ಹನ್ನೆರಡನೆಯ ಚಿತ್ರವನ್ನು ಎಲ್ಲಕ್ಕಿಂತ ಮೇಲಿಟ್ಟು ತಂದಳು. ಸಂಸ್ಥೆಯ ನಿರ್ದೇಶಕರು ಸಭೆಯ ಬಾಗಿಲಲ್ಲೇ ಅದನ್ನು ನೋಡಿದರು. ಹನ್ನೆರಡರಲ್ಲಿ ಒಂದು ತಾನೇ, ತೆಗೆದುಬಿಡು ಎಂದರು. ಇಲಿ ಕಾಲಿಗೆ ಇಷ್ಟು ಭಕ್ತಿ ಯಾಕಮ್ಮ ಎಂದು ತಮಾಷೆಯನ್ನೂ ಮಾಡಿದರು. ಇದನ್ನು ತೋರಿಸಿದರೆ ನಿನ್ನ ನಾಲ್ಕು ವರ್ಷ ಇಲ್ಲಿಗೇ ಮುಗಿಯಿತು ಎಂದೂ ಹೇಳಿದರು.

ಅವರೆದುರು ಐರಿನ್ ಅಲ್ಲಿಯವರೆಗೆ ಹೂಂ ಬಿಟ್ಟು ಬೇರೆ ಮಾತಾಡಿದವಳಲ್ಲ.

"ತೆಗೆಯಲ್ಲ ಸರ್."

ನಿರ್ದೇಶಕರು ಅವಳ ಪಕ್ಕದಲ್ಲಿದ್ದ ಮೇಡಂ ಕಡೆ ತಿರುಗಿ, ನಿಮ್ಮ ಶಿಷ್ಯೆಗೆ ನೀವಾದರೂ ಬುದ್ಧಿ ಹೇಳಿ ಎಂದರು.

ಇಂದುಮತಿ ಮೇಡಂ ಒಂದು ಖಾಲಿ ಹಾಳೆ, ಒಂದು ಪೆನ್ನು ಅವರ ಮುಂದೆ ಹಿಡಿದರು.

"ಈ ಬೆಳಕು ಕಂಡ ಕಡೆಯೆಲ್ಲ ಕೊಯ್ಯಬಹುದು ಅಂತ ಬರೆದು, ಕೆಳಗೆ ಸಹಿ ಹಾಕಿಕೊಡಿ ಸರ್."