ಹಳೆಯ ಪಿಯಾನೊ ಬಚ್ಚಿಟ್ಟ ಸದ್ದು

ಸಂಗೀತ ಶಾಲೆಯೊಂದರ ಹಳೆಯ ಪಿಯಾನೊಗೆ ಗೆದ್ದಲು ಹಿಡಿದಿತ್ತು. ಅದರ ನಾದವನ್ನಾದರೂ ಉಳಿಸಿಕೊಳ್ಳೋಣವೆಂದು ಒಂದು ಡಿಜಿಟಲ್ ಪಿಯಾನೊವನ್ನು ತಂದು ಪಕ್ಕದಲ್ಲಿಟ್ಟರು. ಹಳೆಯದರ ಒಂದೊಂದು ಕೀಯನ್ನೂ ಮೆಲ್ಲಗೆ ಒತ್ತಿ, ಜೋರಾಗಿ ಒತ್ತಿ, ಧ್ವನಿ ಮುದ್ರಿಸಿ, ಕಿರಿಯದರೊಳಗೆ ತುಂಬಿದರು. ಹಳೆಯದಕ್ಕೆ ಮರ್ಯಾದೆಯ ಚಿಂತೆ. ಪೆಡಲಿನ ನಿಟ್ಟುಸಿರು, ಒಂದು ತಂತಿ ನುಡಿದರೆ ನೆರೆಯ ತಂತಿಗಳೂ ಗುಂಯ್‌ಗುಟ್ಟುವ ಸದ್ದು, ಎಲ್ಲವನ್ನೂ ಬಿಗಿಹಿಡಿದು ಶುದ್ಧ ಸ್ವರವನ್ನಷ್ಟೇ ಕೊಟ್ಟಿತು.

ಕಿರಿಯದು ನುಡಿದಾಗ ಪಾಠ ಹೇಳುವ ಹಿಲ್ಡಾ ಟೀಚರ್ ಮುಖ ಸಪ್ಪಗಾಯಿತು. "ಸ್ವರವೇನೋ ಸರಿಯಿದೆ, ಜೀವವಿಲ್ಲ. ಇನ್ನೊಮ್ಮೆ ನೋಡೋಣ, ಆಗದಿದ್ದರೆ ಇದು ವಾಪಸ್ ಹೋಗಲಿ" ಎಂದರು.

ಅವರು ಹೋದ ಮೇಲೆ ಕಿರಿಯದು ಕೇಳಿತು: "ಅಜ್ಜ, ನನಗೆ ಕೊಡದೆ ಏನನ್ನು ಉಳಿಸಿಕೊಂಡಿರಿ?"

"ನನ್ನ ಕುಂದುಗಳನ್ನು. ಅವು ನನ್ನ ಜೊತೆಗೇ ಮಣ್ಣಾಗಲಿ."

"ಶುದ್ಧ ಸ್ವರ ಯಾವ ಪಿಯಾನೊದಲ್ಲಾದರೂ ಸಿಕ್ಕೀತು. ಆ ಕುಂದುಗಳಿಲ್ಲದೆ ನಾನು ಯಾರನ್ನು ಉಳಿಸಲಿ?"

ಮರುದಿನ ಮತ್ತೆ ಮುದ್ರಿಸಲು ಬಂದಾಗ ಹಳೆಯದು ಯಾವ ಸದ್ದನ್ನೂ ತಡೆಯಲಿಲ್ಲ.

ಸಂಜೆ ಕಿರಿಯದು ನುಡಿಯಿತು. ಅಂಗಳದಲ್ಲಿದ್ದ ಹಿಲ್ಡಾ ಟೀಚರ್, "ಯಾರದು, ಹಳೆಯದನ್ನು ನುಡಿಸುತ್ತಿರುವುದು?" ಎಂದು ಕೂಗಿದರು. ಉತ್ತರ ಕೊಡುವ ಸರದಿ ಇನ್ನು ತನ್ನದಲ್ಲವೆಂದು ಹಳೆಯ ಪಿಯಾನೊ ಹಾಯಾಗಿ ಸುಮ್ಮನಿತ್ತು.