ಹಾಲಿಗೆ ಇಟ್ಟ ಪಾತ್ರೆ

ವಾರಿಜಾ ಗುರುಗಳನ್ನು ಕೇಳಿದಳು: “ಒಂದೇ ಕಂಪ್ಯೂಟರ್ ಯಂತ್ರದೊಳಗೆ ಹತ್ತು ಯಂತ್ರಗಳು ಸಂಸಾರ ಹೂಡಿವೆ. ಎಲ್ಲಕ್ಕೂ ಮೆಮೊರಿ ಹಂಚುವುದು ಹೈಪರ್‌ವೈಸರ್ ಎಂಬ ಮೇಲ್ವಿಚಾರಕ ಪ್ರೋಗ್ರಾಂ. ಪಕ್ಕದ ಯಂತ್ರ ಮೆಮೊರಿ ಸಾಲದೆ ಒದ್ದಾಡುತ್ತಿದ್ದರೂ, ನೆಟ್‌ವರ್ಕ್ ಕಾರ್ಡ್ ಹೊರಗಿನ ಮಾಹಿತಿಯನ್ನು ನೇರವಾಗಿ ತಂದು ಹಾಕಲೆಂದು ಇಟ್ಟ ಖಾಲಿ ಜಾಗವನ್ನು ಹೈಪರ್‌ವೈಸರ್ ಮುಟ್ಟುವುದಿಲ್ಲ. ಇದು ಜಿಪುಣತನವಲ್ಲವೇ? ಖಾಲಿ ಕಂಡದ್ದನ್ನೆಲ್ಲ ಕಿತ್ತು ಹಂಚುವ ಪ್ರೋಗ್ರಾಂ ಬರೆದಿದ್ದೇನೆ. ನಾಳೆ ಚಾಲೂ ಮಾಡುತ್ತೇನೆ.”

ಗುರುಗಳು ನಕ್ಕರು. ಹೊಸ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ ಎಂದು ಛೇಡಿಸಿ, ಕತೆ ಶುರುಮಾಡಿದರು.

ಒಂದು ವಠಾರ. ಅದಕ್ಕೊಬ್ಬ ಒಡತಿ. ಪಾತ್ರೆಗಳೆಲ್ಲ ಅವಳವೇ, ಬಾಡಿಗೆಯವರಿಗೆ ಬೇಕಾದಷ್ಟು ಕೊಡುತ್ತಿದ್ದಳು. ಬೆಳಕು ಹರಿಯುವ ಮೊದಲೇ ಹಾಲಿನವಳು ಬರುತ್ತಿದ್ದಳು. ಅವಳು ಯಾರನ್ನೂ ಎಬ್ಬಿಸುವವಳಲ್ಲ. ಹೆಜ್ಜೆ ಎಣಿಸಿ, ಹೇಳಿಟ್ಟ ಜಾಗದ ಪಾತ್ರೆಗೆ ಕತ್ತಲಲ್ಲೇ ಸುರಿದು ಹೋಗುವಳು. ಅಲ್ಲಿನ ಪದ್ಧತಿಯೇ ಹಾಗೆ.

ಒಬ್ಬ ಬಾಣಂತಿಗೆ ಎದೆಹಾಲು ಸಾಲದು. ಕೂಸಿನ ಹೊಟ್ಟೆ ತುಂಬುತ್ತಿದ್ದುದು ಆ ಹಾಲಿನಿಂದ. ಒಂದು ಸಂಜೆ ಸುಣ್ಣ ಬಳಿಯುವವನೊಬ್ಬ ಪಾತ್ರೆ ಬೇಕೆಂದು ಬಂದ. ಬಾಣಂತಿಯ ಬಾಗಿಲಲ್ಲಿ ಪಾತ್ರೆ ಖಾಲಿ ಕಂಡಿತು. ಒಡತಿ ಅದನ್ನೇ ತೋರಿಸಿದಳು. ಅವನು ಅದರಲ್ಲಿ ಸುಣ್ಣ ನೆನೆಹಾಕಿ, ಭಾರವೆಂದು ಅಲ್ಲೇ ಬಿಟ್ಟುಹೋದ.

ಹಾಲಿನವಳು ಎಂದಿನಂತೆ ಕತ್ತಲಲ್ಲೇ ಅದಕ್ಕೆ ಸುರಿದುಹೋದಳು. ಬೆಳಗಾದಾಗ ಹಾಲೂ ಕೆಟ್ಟಿತ್ತು, ಸುಣ್ಣವೂ ಕೆಟ್ಟಿತ್ತು. ಕೂಸು ಅಳುತ್ತಿತ್ತು. ಒಡತಿ ನಾಚಿಕೆಯಿಂದ ತಲೆ ಎತ್ತಲಿಲ್ಲ. ಖಾಲಿ ಇತ್ತಲ್ಲ ಎಂದಷ್ಟೇ ಅಂದಳು.

ಬಾಣಂತಿ, “ಖಾಲಿ ಇರ್ಲಿಲ್ಲಮ್ಮ, ಕಾಯ್ತಾ ಇತ್ತು,” ಅಂದಳು.

ಸುದ್ದಿ ತಿಳಿದ ಹಾಲಿನವಳು ತನ್ನ ಮನೆಗೆಂದು ಉಳಿಸಿಕೊಂಡಿದ್ದ ಹಾಲನ್ನೇ ತಂದಳು. ಒಡತಿಗೆ, “ನಂಗೊಂದ್ ಮಾತು ಹೇಳಿದ್ರೆ ಅಲ್ಲಿ ಸುರೀತಾನೇ ಇರ್ಲಿಲ್ಲ,” ಅಂದಳು. ಕೂಸು ಕುಡಿದು ಮಲಗಿತು.

ಅಂದಿನಿಂದ ಪಾತ್ರೆ ಸಾಲದಾದಾಗ ಒಡತಿ ಮೊದಲು ಮನೆಮನೆಗೆ ಹೋಗಿ, ಅಟ್ಟದ ಮೇಲೆ ಬೋರಲು ಬಿದ್ದದ್ದನ್ನು ಕೇಳುವಳು. ಕೇಳಿದರೆ ಜನ ಕೊಡುತ್ತಿದ್ದರು. ಅಷ್ಟೂ ಸಾಲದಿದ್ದರೆ ಹಾಲಿನವಳಿಗೆ ಹೇಳಿ, ಅವಳು ಹೂಂ ಎಂದ ಮೇಲೆಯೇ ಬಾಗಿಲ ಪಾತ್ರೆ ಎತ್ತುವಳು. ಆ ವಠಾರದಲ್ಲಿ ಮತ್ತೆ ಯಾರಿಗೂ ಪಾತ್ರೆ ಕಡಿಮೆಯಾಗಲಿಲ್ಲ. ಯಾವ ಕೂಸೂ ಹಸಿಯಲಿಲ್ಲ.

ವಾರಿಜಾಳ ಮುಖ ಅರಳಿತು. ಹಾಗಾದರೆ ಹಂಚುವುದೇ ತಪ್ಪಲ್ಲ ಎಂದಳು.

ಗುರುಗಳು ಹೇಳಿದರು: “ತಪ್ಪಲ್ಲ ಮಗಳೇ, ನೀನು ನಾಳೆ ಕಿತ್ತುಕೊಡುವ ಜಾಗಕ್ಕೆ ಸುರಿಯಲು ಯಾರು ಹೊರಟಿದ್ದಾರೆಂದು ಕೇಳಿದೆಯಾ?”

ವಾರಿಜಾ ಪ್ರೋಗ್ರಾಂ ತೆರೆದು, ಕಿತ್ತುಕೊಳ್ಳುವ ಸಾಲಿನ ಮೇಲೆ ನೆಟ್‌ವರ್ಕ್ ಕಾರ್ಡನ್ನು ಮೊದಲು ಕೇಳುವ ಸಾಲೊಂದನ್ನು ಬರೆಯತೊಡಗಿದಳು.